ಬಾಗಿಲಿಲ್ಲದ ಮಣ್ಣಿನ ಕೋಟೆ

"ನಿಲ್ಲಸ್ರಿ ಮಾಸ್ತರ! ಏನ್ ಮಾಡ್ಲಿಕ್ಕತ್ತೀರಿ?!"

ಇಂದೂ ಕೂಗುತ್ತಾ ಓಡಿ ಬರುವಷ್ಟರಲ್ಲಿ ಪ್ರಲ್ಹಾದನ ಸಲಿಕೆ ಮಣ್ಣಿನ ಕೋಟೆಯ ಮೇಲೆ ಮತ್ತೊಮ್ಮೆ ಬಿದ್ದಿತ್ತು. ಬುರುಜು ಕುಸಿಯಿತು. ಮಕ್ಕಳು ವಾಡೆಯ ಗೋಡೆಗೆ ಆತುಕೊಂಡು ಬಿಕ್ಕುತ್ತಿದ್ದರು.

"ಇನ್ನ ಯಾರರೆ ಈ ಅಂಗಳಕ್ಕ ಬಂದ್ರ ಕಾಲು ಮುರೀತೀನಿ! ನಡೀರಿ ಮನಿಗೆ!"

ಇಷ್ಟು ದಿನ ಅವನಿಂದ ಒಂದು ಗದರಿಕೆಯನ್ನೂ ಕೇಳದ ಮಕ್ಕಳು ದಿಕ್ಕಾಪಾಲಾಗಿ ಓಡಿದರು. ಇಂದೂಳ ಅಣ್ಣನ ಮಗಳು, ಎಂಟು ವರ್ಷದ ಭಾಮಾ ಮಾತ್ರ ಕದಲಲಿಲ್ಲ. ಸೋದರತ್ತೆಯ ಸೆರಗು ಹಿಡಿದು, "ಅತ್ಯಾ... ನಮ್ಮ ಕೋಟಿ..." ಎಂದಳು.

"ಕೂಸುಗಳು ಕಟ್ಟಿದ್ದನ್ನ ಒಡೀಲಿಕ್ಕೆ ನಿಮಗ ಮನಸ್ಸರೆ ಹೆಂಗ ಬಂತ್ರಿ?"

ಪ್ರಲ್ಹಾದ ಭಾಮಾಳ ಮುಖವನ್ನೊಮ್ಮೆ ನೋಡಿ ತಲೆ ತಗ್ಗಿಸಿದ. "ಈಕೀನ ಮನಿಗೆ ಕರ್ಕೊಂಡು ಹೋಗ್ರಿ," ಎಂದಷ್ಟೇ ಹೇಳಿದ.

ಇವನನ್ನೇ ನಾನು ನಂಬಿದ್ದೆನೇ?!

ಆ ವರ್ಷ, ಅಂದರೆ ೧೯೧೮ರ ಜೂನಿನಲ್ಲಿ, ಪ್ರಲ್ಹಾದ ಧಾರವಾಡದಿಂದ ಪುಣೆಗೆ ಬಂದಿದ್ದ. ಶನಿವಾರ ಪೇಠೆಯ ಹಳೆಯ ವಾಡೆಯೊಂದರ ಕೆಳ ಅಂತಸ್ತಿನಲ್ಲಿ, ಧಾರವಾಡ ಬೆಳಗಾವಿ ಕಡೆಯ ಕಾರಕೂನರ ಮಕ್ಕಳಿಗಾಗಿ ನಡೆಯುತ್ತಿದ್ದ ಪುಟ್ಟ ಕನ್ನಡ ಶಾಲೆ ಅದು. ಇಂದೂ ಅಲ್ಲಿ ಪದ್ಯ ಹೇಳಿಕೊಡುತ್ತಿದ್ದಳು, ಅವನು ಇತಿಹಾಸ. ಇತಿಹಾಸವೆಂದರೆ ಪುಸ್ತಕ ತೆಗೆಯುವುದಲ್ಲ! ಅಂಗಳದ ತೊಟ್ಟಿಯ ನೀರು ತಂದು, ಮಣ್ಣು ಕಲಸಿ, ಪುಣೆಯ ಮಕ್ಕಳೆಲ್ಲ ದೀಪಾವಳಿಗೆ ಕಟ್ಟುವಂತೆ ಕೋಟೆ ಕಟ್ಟುವುದು. ಮೊಣಕಾಲವರೆಗೆ ಕೆಸರಾದ ಮಾಸ್ತರನನ್ನು ಕಂಡು ಇಂದೂ ಮೊದಮೊದಲು ಮುಸಿಮುಸಿ ನಕ್ಕಿದ್ದಳು.

"ಸಂಜಿ ಆತಂದ್ರ ಕೋಟಿ ಬಾಗಿಲು ಹಾಕ್ತಿದ್ರು," ಎಂದು ಅವನು ಪಾಠ ಹೇಳುವಾಗ ಭಾಮಾ ಎದ್ದು ನಿಂತಿದ್ದಳು.

"ಹೊರಗ ಉಳದವ್ರು ಏನ್ ಮಾಡ್ಬೇಕ್ರಿ ಸರ? ನಾ ಬಾಗಿಲಾ ಮಾಡೂದೇ ಇಲ್ಲ!"

ಆ ಹಟಮಾರಿಯ ಮಾತನ್ನೇ ಇಂದೂ ಪದ್ಯಕ್ಕೆ ಸೇರಿಸಿದಳು. ಕೋಟೆಯ ಒಂದೊಂದು ಮೆಟ್ಟಿಲ ಬಳಿ ನಿಂತು ಒಬ್ಬೊಬ್ಬ ಮಗು ಒಂದೊಂದು ಸಾಲು ಹೇಳಬೇಕು. ಕೊನೆಯದು ಭಾಮಾಳ ಸಾಲು:

"ಬಾಗಿಲು ಹಾಕದಿರಿ, ಬರುವವರಿನ್ನೂ ಇದ್ದಾರೆ..."

ಹೀಗೆಯೇ ಒಂದು ಸಂಜೆ ಕೈಯ ಕೆಸರು ತೊಳೆಯುತ್ತಾ ಪ್ರಲ್ಹಾದ ಕೇಳಿದ್ದ. "ದೀಪಾವಳಿ ಆದಮ್ಯಾಲೆ ನಿಮ್ಮ ಅಣ್ಣನ ಹತ್ರ ಮಾತಾಡ್ಲೇನ್ರಿ?"

ಹದಿಮೂರಕ್ಕೇ ವಿಧವೆಯಾದವಳು ಇಂದೂ. ತನ್ನ ಬಾಳಿನಲ್ಲಿ ಇಂಥ ಪ್ರಶ್ನೆ ಬಂದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಆದರೂ ಹೂಂ ಎಂದು ತಲೆಯಾಡಿಸಿದ್ದಳು.

ಅಷ್ಟರಲ್ಲಿ ಜ್ವರ ಬಂತು. ಜನ ಅದಕ್ಕೆ ಮಾನಮೋಡಿ, ಕತ್ತು ಮುರಿಯುವ ಬೇನೆ, ಎನ್ನುತ್ತಿದ್ದರು. ಶಾಲೆಗಳು ಮುಚ್ಚಿದವು. ಮುಠಾ ನದಿಯ ದಂಡೆಯಲ್ಲಿ ಹೊಗೆ ಆರಲೇ ಇಲ್ಲ. ಆದರೂ ಮಕ್ಕಳು ದಿನವೂ ಕೋಟೆಯ ಸುತ್ತ ಸೇರುತ್ತಿದ್ದರು. ಅಂಥ ದಿನಗಳಲ್ಲೇ ಪ್ರಲ್ಹಾದ ಸಲಿಕೆ ಎತ್ತಿದ್ದು.

ಆ ರಾತ್ರಿಯೇ ಭಾಮಾಳ ಮೈ ಕೆಂಡವಾಯಿತು.

"ಸರು ಯಾಕ ಒಡದ್ರು ಅತ್ಯಾ? ನಾ ಏನರೆ ತಪ್ಪು ಮಾಡೀನೇನು?"

"ಇಲ್ಲವ್ವಾ... ನೀ ಮಲ್ಕೋ."

ಆ ವಾರ ಮುಗಿಯುವ ಮುನ್ನ ಭಾಮಾ ಹೋಗಿಬಿಟ್ಟಳು. ಮಣ್ಣು ಮುಗಿಸಿ ಬಂದ ಸಂಜೆ ಮನೆಯೆದುರಿನ ಹುಣಸೆಮರದ ಕೆಳಗೆ ಪ್ರಲ್ಹಾದ ನಿಂತಿದ್ದ. ಇಂದೂ ಅವನನ್ನು ನೋಡಿದಳು. ನೋಡಿ, ದಢಾರನೆ ಬಾಗಿಲು ಹಾಕಿದಳು. ಸಾಯುವ ಕೂಸಿನ ಕೊನೆಯ ಸಂತೋಷ ಕಿತ್ತುಕೊಂಡವನ ಮುಖ ಈ ಜನ್ಮದಲ್ಲಿ ಬೇಡ!

ದೀಪಾವಳಿ ದೀಪವಿಲ್ಲದೆ ಕಳೆಯಿತು. ಶಾಲೆ ಮತ್ತೆ ತೆರೆಯಿತು.

ಇಂದೂ ಕಾಲೆಳೆಯುತ್ತಾ ವಾಡೆಗೆ ಬಂದಳು. ಮೇಲಂತಸ್ತಿನ ಮರಾಠಿ ಶಾಲೆಯಲ್ಲಿ ಅರ್ಧ ಚಾಪೆಗಳು ಖಾಲಿ. ಅಲ್ಲಿಯ ಶಿಕ್ಷಕಿ ಹಾಜರಿ ಕೂಗಲಾರದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ತನ್ನ ವರ್ಗದಲ್ಲಿ ಯಾರ್ಯಾರು ಉಳಿದಿದ್ದಾರೋ ಎಂದು ಇಂದೂ ಬಾಗಿಲಲ್ಲೇ ನಿಂತಳು.

ಎಲ್ಲರೂ ಇದ್ದರು!

ಬಡವಾಗಿದ್ದರು, ಬೆದರಿದ್ದರು, ಆದರೆ ಇದ್ದರು. ಭಾಮಾಳ ಜಾಗವೊಂದೇ ಖಾಲಿ. ಕೋಟೆ ಒಡೆದ ದಿನದಿಂದ ಈ ಮಕ್ಕಳು ಒಂದೆಡೆ ಸೇರಿರಲೇ ಇಲ್ಲ. ಅದಕ್ಕೇ ಒಡೆದನೇ? ಇಂದೂ ಅಂಗಳಕ್ಕೆ ಓಡಿದಳು.

ಅಂಗಳದಲ್ಲಿ ಪ್ರಲ್ಹಾದ ಗಂಟು ಕಟ್ಟಿಕೊಂಡು ನಿಂತಿದ್ದ. ಶಾಲೆಯ ಕೀಲಿಯನ್ನು ಅವಳ ಮುಂದೆ ಚಾಚಿದ. "ಇದನ್ನ ಕೊಟ್ಟು ಹೋಗೋಣಂತ ನಿಂತಿದ್ದೆ. ಧಾರವಾಡಕ್ಕ ಹೊಂಟೀನ್ರಿ."

"ಯಾಕ ಹೇಳ್ಲಿಲ್ಲ?" ಅವಳು ಕೀಲಿ ಮುಟ್ಟಲಿಲ್ಲ. "ನನಗರೆ ಹೇಳ್ಬಹುದಿತ್ತಲ್ಲ!"

ಹೇಳಬಹುದಿತ್ತು, ನಿಜ. ಈ ಗಂಡಸಿಗೆ ಬಾಯಿ ಇರಲಿಲ್ಲವೇ ಎಂದು ನಿಮಗೂ ಸಿಟ್ಟು ಬಂದಿರಬಹುದು. ಆದರೆ ಅವನ ಮುಖ ನೋಡಿದ್ದರೆ ನೀವೂ ಸುಮ್ಮನಾಗುತ್ತಿದ್ದಿರಿ.

"ಏನಂತ ಹೇಳ್ಲಿ? ಶಾಲಿ ಮುಚ್ಚಿದ್ರೇನಾತು, ಕೋಟಿ ಮುಗಸೂಣು ಬರ್ರಿ ಅಂತ ಹುಡುಗರನ್ನ ಕರದವನು ನಾನ. ಅವತ್ತು ಭಾಮಾನ ಕೈ ಹಿಡಿದು ಮಣ್ಣು ಮೆತ್ತಸ್ಲಿಕ್ಕತ್ತಿದ್ದೆ... ಕೈ ಸುಡ್ತಿತ್ರಿ. ಸುತ್ತಲೂ ಉಳದ ಕೂಸುಗಳು. ಬಾಯಿಮಾತಿಗೆ ಅವು ಹೋಗ್ತಿದ್ದಿಲ್ಲ." ಅವನು ಒಡೆದ ಕೋಟೆಯತ್ತ ನೋಡಿದ. "ಅಕೀಗೆ ಜ್ವರ ಹತ್ತಿದ್ದು ನನ್ನ ಅಂಗಳದಾಗ ಅಂತ ನಿಮ್ಮ ಮುಂದ ಯಾವ ಬಾಯಿಲೆ ಹೇಳ್ಲಿ?"

ಇಂದೂ ಬಹಳ ಹೊತ್ತು ಅತ್ತಳು. ಅವನು ಕೀಲಿಯನ್ನು ಕಟ್ಟೆಯ ಮೇಲಿಟ್ಟು ಗಂಟು ಎತ್ತಿಕೊಂಡ.

ಒಳಗೆ ಮಕ್ಕಳು ತಾವಾಗಿಯೇ ಪದ್ಯ ಶುರುಮಾಡಿದ್ದರು. ಒಂದೊಂದೇ ಸಾಲು ಮುಗಿಯಿತು. ಕೊನೆಯ ಸಾಲು ಹೇಳುವವರಿಲ್ಲದೆ ವರ್ಗ ಸ್ತಬ್ಧವಾಯಿತು.

"ಬಾಗಿಲು ಹಾಕದಿರಿ..." ಅಂಗಳದಿಂದಲೇ ಇಂದೂ ಹೇಳಿದಳು. "ಬರುವವರಿನ್ನೂ ಇದ್ದಾರೆ."

ಪ್ರಲ್ಹಾದ ತಿರುಗಿ ನಿಂತ. ಅವನ ಕಣ್ಣು ತುಂಬಿತ್ತು.

"ಅಣ್ಣನ ಹತ್ರ ಮಾತಾಡ್ತೀನಿ ಅಂದಿದ್ರಿ," ಎಂದಳು. "ಯಾವಾಗ ಬರ್ತೀರಿ?"

"ಬಂದ್ರ... ಮತ್ತ ಬಾಗಿಲು ಹಾಕ್ತೀರೇನ್ರಿ?"

"ಇಲ್ರಿ." ಇಂದೂ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಕೈಯಿಂದ ಗಂಟು ತೆಗೆದುಕೊಂಡಳು. "ಹಾಕಿದ್ರ ಭಾಮಾ ಬೈತಾಳ."