ಮಾಧುರಿಯ ತಿಜೋರಿ

ಮೂರನೆಯ ಸಲವೂ ಹಣ ಕೈಸೇರದೆ ತಿರುಗಿ ಹೋಯಿತು. ಶಶಿಧರ ಸಿಡ್ನಿಯ ಪ್ಯಾರಮಟ್ಟಾ ಪೊಲೀಸ್ ಠಾಣೆಯ ಮೇಜಿನ ಮೇಲೆ ಫೋನನ್ನು ಕುಕ್ಕಿದ.

"ನೋಡಿದ್ರಾ ಮೇಡಂ? ಕಳವು ಇದು. ಎಫ್‌ಐಆರ್ ಹಾಕಿ."

"ಇಲ್ಲಿ ಎಫ್‌ಐಆರ್ ಇಲ್ಲ, ಹೇಳಿಕೆ ಕೊಡಿ," ಎಂದಳು ಡಿಟೆಕ್ಟಿವ್ ಶ್ರೀದೇವಿ. "ಹಣ ಯಾರದು?"

"ಹೆಂಡ್ತೀದು. ಅಂದ್ರೆ, ನಮ್ದು."

ಸಿಡ್ನಿ, ಮೆಲ್ಬರ್ನ್‌ಗಳ ಹುಬ್ಬಳ್ಳಿ-ಧಾರವಾಡದ ಹೆಂಗಸರು ನಡೆಸುತ್ತಿದ್ದ ಭಿಶಿ, ಅಂದರೆ ಚೀಟಿ, ಅದು. ಕ್ರಿಪ್ಟೋ ಹಣವನ್ನು ಹಂಚುತ್ತಿದ್ದುದು ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ಪ್ರೋಗ್ರಾಮ್. ಪಡೆಯುತ್ತಿದ್ದುದೂ ಅಂಥದೇ ಪ್ರೋಗ್ರಾಮ್, ಸದಸ್ಯೆಗೊಂದು. ಅವರ ಬಾಯಲ್ಲಿ ತಿಜೋರಿ. ಈ ತಿಂಗಳ ಸರದಿ ಮೆಲ್ಬರ್ನ್ ಬದಿಯ ವೆರಿಬೀಯ ಮಾಧುರಿಯದು; ಭಿಶಿಯ ಸಮಿತಿ ಸಿಡ್ನಿಯಲ್ಲಿದ್ದುದರಿಂದ ಅವಳ ಗಂಡ ಶಶಿಧರ ದೂರು ತಂದದ್ದು ಇಲ್ಲಿಗೆ.

ಒಂದು ಡಾಲರೂ ಕಳವಾಗಿರಲಿಲ್ಲ. ಸಮಿತಿಯ ಅನುಮತಿ ಪಡೆದು ಕಾನ್‌ಸ್ಟೆಬಲ್ ಇಶಾನ್ ಭಿಶಿಯಿಂದ ರೌಸ್ ಹಿಲ್‌ನ ಸದಸ್ಯೆ ರತ್ನವ್ವನ ತಿಜೋರಿಗೆ ಪುಡಿಗಾಸು ಕಳಿಸಿದ, ಹೋಯಿತು. ಮಾಧುರಿಯ ತಿಜೋರಿಗೆ ಕಳಿಸಿದ, ತಿರುಗಿತು.

"ಕೆಟ್ಟಿಲ್ಲ ಬಾಸ್," ಎಂದ. "ಬೇಕಂತಲೇ ಬೇಡ ಅಂತಿದೆ."

ಭಿಶಿಯ ಪ್ರೋಗ್ರಾಮ್‌ಗೆ ಹೊಸ ಸಾಲೊಂದು ಸೇರಿತ್ತು: ಸದಸ್ಯೆ ಸೇರುವಾಗ ತಾನೇ ಕೊಟ್ಟ ಕೀಯಿಂದ, ಅಂದರೆ ಗುಪ್ತಸಂಕೇತದಿಂದ, ತಿಜೋರಿ ತೆರೆಯದಿದ್ದರೆ ಹಣ ಬಿಡಬೇಡ. ಸೇರಿಸಿದವಳು ಪ್ರೋಗ್ರಾಮ್ ಬರೆದ ನಿಖಿತಾ. ಸಮಿತಿಯನ್ನು ಕೇಳಿರಲಿಲ್ಲ. ಅವಳಲ್ಲದೆ ಬೇರಾರೂ ಅದನ್ನು ಅಳಿಸುವಂತಿರಲಿಲ್ಲ.

ಬುಧವಾರ ಶ್ರೀದೇವಿ ವೆರಿಬೀಗೆ ಹೋದಾಗ ಮಾಧುರಿ ಬಾಗಿಲಲ್ಲೇ ನಿಂತು ಮಾತಾಡಿದಳು.

"ತಿಜೋರಿ ಕೀ ಯಾರ ಹತ್ರ ಇದೆ?"

"ನಮ್ಮನಿಯವ್ರ ಕಡೆ. ಬದಲಿ ಮಾಡ್ಯಾರ. ಮಾರ್ಟ್‌ಗೇಜ್‌ಗೆ ಬೇಕಂತ."

"ನಿಮಗೆ ಯಾಕೆ ಬೇಕಿತ್ತು?"

"ಬಾಡಿಗಿ ಮನಿಗೆ ಬಾಂಡ್, ಅಡ್ವಾನ್ಸು, ಕಟ್ಟಾಕ." ದನಿ ತಗ್ಗಿತು. "ಒಬ್ಬಾಕಿಗೇ."

ಗುರುವಾರ ಮಧ್ಯಾಹ್ನ ಪ್ಯಾರಮಟ್ಟಾದ ಅಪಾರ್ಟ್‌ಮೆಂಟಿನಲ್ಲಿ ನಿಖಿತಾಳನ್ನು ಅನುಮತಿಯಿಲ್ಲದೆ ಪ್ರೋಗ್ರಾಮ್ ತಿದ್ದಿದ ಆರೋಪದ ಮೇಲೆ ಬಂಧಿಸಿ ಲ್ಯಾಪ್‌ಟಾಪ್ ಜಪ್ತಿ ಮಾಡಿದರು.

"ಚಾರ್ಜರ್ ಬಿಟ್ಟೋಗ್ತಿದ್ದೀರಲ್ಲ, ತಗೊಳ್ಳಿ," ಎಂದಳು ನಿಖಿತಾ.

ಠಾಣೆಯಲ್ಲಿ ಶ್ರೀದೇವಿ ಕೇಳಿದಳು: "ಮಾಧುರಿ ಹೇಳಿದ್ರಾ ಹೀಗೆ ಮಾಡೋಕೆ?"

"ಇಲ್ಲ. ಕೀ ಬದಲಾಗಿದ್ದು ನನಗೇ ಕಾಣಿಸ್ತು."

"ಅಷ್ಟಕ್ಕೇ?"

"ಧಾರವಾಡದಲ್ಲಿ ನಮ್ಮಮ್ಮ ವರ್ಷಗಟ್ಟಲೆ ಭಿಶಿ ಕಟ್ಟಿದ್ಳು. ಸರದಿ ಬಂದಾಗೆಲ್ಲ ಎಣಿಸ್ತಿದ್ದದ್ದು ಅಪ್ಪ. ಅಮ್ಮ ಚಹಾ ಮಾಡ್ತಿದ್ಳು."

ಶ್ರೀದೇವಿ ಬರೆದುಕೊಂಡಳು. ಆಮೇಲೆ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದಳು.

"ಸಮಿತಿ ರಾಜಿಗೆ ಸಿದ್ಧವಿದೆ. ಆ ಸಾಲು ಅಳಿಸಿ, ಎಚ್ಚರಿಕೆ ಕೊಟ್ಟು ಬಿಡ್ತೀವಿ. ಇಲ್ಲಾಂದ್ರೆ ಕೋರ್ಟು. ನಿಮ್ಮ ಪಿಆರ್, ಇಲ್ಲಿ ಕಾಯಂ ಇರೋ ಪರವಾನಗಿ, ಇನ್ನೂ ಬಂದಿಲ್ಲ, ನೆನಪಿರಲಿ."

"ಅಳಿಸಿದ ಕ್ಷಣ ದುಡ್ಡು ಶಶಿಧರ್ ಅಂಕಲ್ ಕೈಗೆ."

"ಅದು ಅವರ ಮನೆ ವಿಷಯ," ಎಂದಳು ಶ್ರೀದೇವಿ. ಹಾಗೆನ್ನಬೇಕಿತ್ತು, ಅಂದಳು. ಆರೋಪಿ ಒಪ್ಪದಿರಲಿ ಎಂದು ಯಾವ ಅಧಿಕಾರಿಯೂ ಬಯಸಬಾರದು; ಅವಳೂ ಬಯಸಲಿಲ್ಲವೆಂದೇ ಇಟ್ಟುಕೊಳ್ಳೋಣ.

ನಿಖಿತಾ ಲ್ಯಾಪ್‌ಟಾಪ್ ಮುಚ್ಚಿದಳು.

"ಅಳಿಸಲ್ಲ."