ಮಣಿಕಟ್ಟಿನ ಬಿಳುಪು

"ನಿಲ್ಲಸ್ರಿ! ಮೊದಲ ಆ ಕುಂಚ ಕೆಳಗ ಇಡ್ರಿ!"

ಬಾಗಿಲಲ್ಲೇ ನಿಂತು ಮಾಲಾ ಕೂಗಿದ ರಭಸಕ್ಕೆ ಏಣಿಯ ಮೇಲಿದ್ದವನು ಬೆಚ್ಚಿಬಿದ್ದ. ಕೈಯಲ್ಲಿದ್ದ ಡಬ್ಬಿ ವಾಲಿ, ಕೆಂಪು ಬಣ್ಣದ ಧಾರೆಯೊಂದು ಗೋಡೆಗುಂಟ ನೆಲಕ್ಕಿಳಿಯಿತು.

"ಏನಾತ್ರಿ ಮೇಡಂ?"

"ಏನಾತು ಅಂತ ಕೇಳ್ತೀರಿ? ಕೆಂಪು ರಕ್ತಕಣದ ನಡುವ ಈ ಕರೀ ಚುಕ್ಕಿ ಯಾಕ ಇಟ್ಟೀರಿ?"

ಅವನು ತನ್ನ ಚಿತ್ರವನ್ನೇ ಹೊಸದಾಗಿ ನೋಡುವವನಂತೆ ನೋಡಿದ. "ಬಾಜೂಕಿನ ಎಲ್ಲಾ ಜೀವಕೋಶದಾಗೂ ಒಂದೊಂದು ಚುಕ್ಕಿ ಐತಲ್ರಿ. ಇವು ಅಷ್ಟ ಯಾಕ ಕುರುಡ ಇರಬೇಕು ಅಂತ ನಾನ ಇಟ್ಟೆ. ಚಂದ ಕಾಣ್ತಾವಲ್ರಿ?"

"ಚಂದ ಕಾಣಾಕ ಇದೇನು ಲಗ್ನದ ಮನಿ ಗ್ವಾಡಿ ಅಲ್ಲ! ಆ ಚುಕ್ಕಿ ಕೋಶಕೇಂದ್ರ. ಮನಷ್ಯಾನ ಕೆಂಪು ರಕ್ತಕಣ ಬೆಳೀತಾ ಅದನ್ನ ಹೊರಗ ಹಾಕತೈತಿ. ಪ್ರಾಣವಾಯು ಹೊರಾಕ ಒಳಗ ಜಾಗ ಬೇಕಲ್ಲ, ಅದಕ್ಕ."

ಅವನ ಕುಂಚ ಕೆಳಗಿಳಿಯಿತು. ಆಮೇಲೆ ಅವನು ಮೆಲ್ಲಗೆ ಕೇಳಿದ: "ಅಂದ್ರ... ಮತ್ತೊಬ್ಬರ ಸಲುವಾಗಿ ತನ್ನ ನಡುವಿನದನ್ನ ಖಾಲಿ ಮಾಡ್ಕೋತೈತೇನ್ರಿ?"

ಮಾಲಾ ಬೈಯಲು ಹೊರಟದ್ದನ್ನೇ ಮರೆತಳು. ಐದು ವರ್ಷದಿಂದ ಈ ಪಾಠ ಹೇಳುತ್ತಿದ್ದಾಳೆ... ಯಾವ ವಿದ್ಯಾರ್ಥಿಯೂ ಹೀಗೆ ಕೇಳಿರಲಿಲ್ಲ!

ಬೈಲಹೊಂಗಲದ ಆ ನರ್ಸಿಂಗ್ ಕಾಲೇಜಿನಲ್ಲಿ ಅಂಗರಚನೆ, ಶರೀರಕ್ರಿಯೆ ಕಲಿಸುವವಳು ಅವಳೇ. ಮುಂದಿನ ತಿಂಗಳು ಪರಿಶೀಲನೆಗೆ ತಂಡ ಬರುವುದಿತ್ತು. ಅದಕ್ಕೆಂದೇ ಪ್ರಿನ್ಸಿಪಾಲ್ ನಿಜಗುಣಪ್ಪನವರು ಪ್ರಯೋಗಾಲಯದ ಗೋಡೆಗಳ ಮೇಲೆ ಜೀವಕೋಶ, ಅಂಗಾಂಶಗಳ ಚಿತ್ರ ಬರೆಸಲು ಸವದತ್ತಿಯಿಂದ ಪೇಂಟರ್ ಭೀಮಶಿಯನ್ನು ಕರೆಸಿದ್ದರು.

"ಎಲ್ಲಾ ಅಳಸತೇನ್ರಿ," ಎಂದ ಭೀಮಶಿ ಏಣಿಯಿಂದ ಇಳಿದು. "ಆದ್ರ ಒಂದು ಮಾತು. ನಾ ಪುಸ್ತಕ ನೋಡಿ ಬರಿಯಾಂವ. ಅದು ಏನು ಅಂತ ಗೊತ್ತಿಲ್ಲದ ಬರದ್ರ ತಪ್ಪಾಗತೈತಿ. ನೀವು ಒಂದೀಟು ಹೇಳಿಕೊಡ್ತೀರೇನ್ರಿ?"

ಇಲ್ಲ ಎನ್ನಲು ಬಾಯಿ ತೆರೆದವಳು, "ನಾಳೆ ನಾಕು ಗಂಟೆಗೆ," ಎಂದುಬಿಟ್ಟಳು.

ನಾನ್ಯಾಕೆ ಹೂಂ ಅಂದೆ? ಬಸ್‌ಸ್ಟ್ಯಾಂಡಿನವರೆಗೂ ತನ್ನನ್ನೇ ಕೇಳಿಕೊಂಡಳು.

ಮರುದಿನ ಅವಳು ಹಲ್ಲುಕಡ್ಡಿಯೊಂದನ್ನು ಅವನ ಕೈಗಿತ್ತು, ಕೆನ್ನೆಯ ಒಳಗೋಡೆಯನ್ನು ಮೆಲ್ಲಗೆ ಕೆರೆಯಲು ಹೇಳಿದಳು. ಅದನ್ನು ಗಾಜಿನ ಪಟ್ಟಿಗೆ ಸವರಿ, ನೀಲಿ ಬಣ್ಣದ ಹನಿ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಭೀಮಶಿ ಒಂದು ಕಣ್ಣು ಮುಚ್ಚಿ ಬಾಗಿದ. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಇದು... ನಾನೇನ್ರಿ?"

"ನೀವ. ನಿಮ್ಮ ಕೆನ್ನಿ ಒಳಗಿನ ಜೀವಕೋಶ."

"ಅಬಬಬಾ! ಒಂದೊಂದಕ್ಕೂ ಬ್ಯಾರೆ ಬ್ಯಾರೆ ಮನಿ, ಮನಿಗೊಂದು ಕಂಪೌಂಡು! ಇಷ್ಟು ಮಂದಿ ಕೂಡಿ ನನ್ನ ನಡಸಾಕತ್ತಾರ, ನಾ ಒಬ್ಬನ ಅದೇನಿ ಅಂತ ತಿಳದಿದ್ದೆ ನೋಡ್ರಿ!"

ಮಾಲಾ ನಕ್ಕಳು. ಎಷ್ಟು ದಿನದ ಮೇಲೆ ಹೀಗೆ ಜೋರಾಗಿ ನಕ್ಕಿದ್ದು!

ಅಂದಿನಿಂದ ದಿನಾ ನಾಲ್ಕು ಗಂಟೆಗೆ ಪಾಠ. ಎಲುಬಿಗಂಟಿದ ಸ್ನಾಯುವಿಗೆ ಪಟ್ಟೆ, ಕರುಳಿನ ಸ್ನಾಯುವಿಗೆ ಪಟ್ಟೆಯಿಲ್ಲ. ಹೃದಯದ ಸ್ನಾಯು ಕವಲೊಡೆದು ಒಂದಕ್ಕೊಂದು ಕೈಹಿಡಿದಿರುತ್ತದೆ... ಅವಳು ಹೇಳಿದ್ದು ಮರುದಿನಕ್ಕೆ ಗೋಡೆಯ ಮೇಲಿರುತ್ತಿತ್ತು. ಅವನು ಹತ್ತನೇ ತರಗತಿಗೇ ಶಾಲೆ ಬಿಟ್ಟವನು. ಆದರೆ ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ.

ಮಾಲಾಳಿಗೆ ಮಾತ್ರ ಗೊತ್ತಿದ್ದ ಭಯವೊಂದಿತ್ತು.

ಮೂರು ವರ್ಷದ ಹಿಂದೆ ಅವಳ ಬಲ ಮಣಿಕಟ್ಟಿನ ಮೇಲೆ ಕಡಲೆ ಬೇಳೆಯಷ್ಟು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಈಗ ಅದು ಅಂಗೈಯಗಲ. ಕಿತ್ತೂರಿನಿಂದ ಬಂದಿದ್ದ ಸಂಬಂಧ ಮಾತುಕತೆಯ ಹಂತದಲ್ಲೇ ನಿಂತುಹೋಯಿತು. ಹುಡುಗನ ತಾಯಿ ಚಹಾದ ಕಪ್ಪನ್ನು ಮುಟ್ಟದೆ ಎದ್ದು ಹೋಗಿದ್ದಳು. ಅಂದಿನಿಂದ ಮಾಲಾ ಬೇಸಿಗೆಯಲ್ಲೂ ಪೂರ್ತಿ ತೋಳಿನ ಕುರ್ತಾ ತೊಡುತ್ತಾಳೆ. ಚರ್ಮದ ಪಾಠ ಬಂದಾಗ ಬಣ್ಣದ ಕೋಶಗಳ ಪುಟವನ್ನು, "ಇದನ್ನ ನೀವ ಓದ್ಕೋರಿ" ಎಂದು ದಾಟಿಬಿಡುತ್ತಾಳೆ.

ಆ ಮಂಗಳವಾರ ತರಗತಿ ಮುಗಿಸಿ ಅವಳು ಸಿಂಕಿನಲ್ಲಿ ಗಾಜಿನ ಪಟ್ಟಿಗಳನ್ನು ತೊಳೆಯುತ್ತಿದ್ದಳು. ಪಕ್ಕದಲ್ಲೇ ಭೀಮಶಿ ನರಕೋಶಕ್ಕೆ ಬಿಳಿ ಬಣ್ಣ ತುಂಬುತ್ತಿದ್ದ. ಅದೂ ಇದೂ ಮಾತಾಡುತ್ತ, ಅವನೆದುರು ತೋಳು ಮಡಚಿದ್ದೇ ಅವಳಿಗೆ ಮರೆತುಹೋಗಿತ್ತು.

"ಅಯ್ಯ, ನಿಮ್ಮ ಕೈಗೆ ಬಿಳಿ ಪೇಂಟ್ ಸಿಡದೈತಿ, ತಡೀರಿ!"

ಅವಳು ಕೈ ಎಳೆದುಕೊಳ್ಳುವ ಮೊದಲೇ ಅವನು ಟರ್ಪೆಂಟೈನ್ ಬಟ್ಟೆಯಿಂದ ಮಣಿಕಟ್ಟನ್ನು ಉಜ್ಜತೊಡಗಿದ್ದ. ಒಮ್ಮೆ... ಎರಡು ಸಲ... ಇನ್ನೂ ಜೋರಾಗಿ...

ಬಿಳುಪು ಹೋಗಲಿಲ್ಲ.

ಭೀಮಶಿಯ ಕೈ ಸಟಕ್ಕನೆ ಹಿಂದೆ ಸರಿಯಿತು. ಕೆಂಡ ಮುಟ್ಟಿದವನಂತೆ! ಬಟ್ಟೆ ನೆಲಕ್ಕೆ ಬಿತ್ತು. ಅವನ ಮುಖ ಬಿಳಿಚಿಕೊಂಡಿತ್ತು.

ಇವನೂ... ಇವನೂ ಅಷ್ಟೇನಾ?

"ಅದು ಪೇಂಟ್ ಅಲ್ಲ," ಎಂದಳು ಮಾಲಾ. ದನಿ ಅವಳದೇ ಎನಿಸಲಿಲ್ಲ. "ತೊನ್ನು. ಕೈ ತೊಳ್ಕೋಬೇಕಾಗಿದ್ರ ಸಬಕಾರ ಅಲ್ಲೈತಿ."

"ಮೇಡಂ, ಹಂಗಲ್ರಿ... ನಾ..."

"ಏನೂ ಹೇಳಬ್ಯಾಡ್ರಿ! ನಾಳಿಂದ ನನ್ನ ಜೋಡಿ ಮಾತಾಡಬ್ಯಾಡ್ರಿ. ಪುಸ್ತಕ ನೋಡಿ ಬರೀರಿ. ಸಾಕು."

ತೋಳು ಇಳಿಸಿಕೊಂಡು ಹೊರಬಿದ್ದವಳು ಓಣಿಯ ತಿರುವಿನವರೆಗೆ ಅಳು ತಡೆದಳು. ಆಮೇಲೆ ಆಗಲಿಲ್ಲ.

ಮರುದಿನ ಭೀಮಶಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮುಗಿಯದ ಗೋಡೆಯ ಪಕ್ಕ ಏಣಿ ಖಾಲಿ ನಿಂತಿತ್ತು.

ಓಡಿಹೋದ... ನನ್ನ ನೆರಳೂ ಬ್ಯಾಡಾತೇನೋ!

ಶನಿವಾರ ಚರ್ಮದ ಪಾಠ. ಹೊರಚರ್ಮ, ಒಳಚರ್ಮ, ಬೆವರಿನ ಗ್ರಂಥಿ ಎಲ್ಲ ಹೇಳಿ ಮುಗಿಸಿದ ಮಾಲಾ, ಎಂದಿನಂತೆ ಆ ಪುಟ ದಾಟಲು ಬೆರಳಿಟ್ಟಳು. ಹಿಂದಿನ ಬೆಂಚಿನಿಂದ ಶೀತಲ್ ಎಂಬ ಹುಡುಗಿ ಎದ್ದಳು.

"ಮೇಡಂ, ಬಿಳಿ ಮಚ್ಚಿ ಅಂಟತಾವೇನ್ರಿ? ಸಾಲಹಳ್ಳ್ಯಾಗ ನಮ್ಮ ಕಾಕೂಗ ಆಗ್ಯಾವ್ರಿ. ಆಕಿಗೆ ಬ್ಯಾರೆ ತಾಟು ಇಟ್ಟಾರ. ತನ್ನ ಕೂಸಿಗೂ ಉಣಸಾಕ ಬಿಡಂಗಿಲ್ರಿ..."

ಮಾಲಾಳ ಬೆರಳು ಇನ್ನೂ ಪುಟದ ಅಂಚಿನಲ್ಲೇ ಇತ್ತು. ನಾನು ಈ ಪುಟ ದಾಟಿದರೆ, ಆ ತಾಯಿ ತನ್ನ ಕೂಸಿಗೆ ತುತ್ತು ಕೊಡುವುದಿಲ್ಲ...

ಅವಳು ಪುಸ್ತಕ ಮುಚ್ಚಿ, ಬಲತೋಳನ್ನು ಮೊಣಕೈವರೆಗೆ ಮಡಚಿದಳು.

"ನೋಡ್ರಿ. ಇದು ನಂದು."

ಯಾರೋ ಉಸಿರೆಳೆದುಕೊಂಡ ಸದ್ದು.

"ಹೊರಚರ್ಮದ ತಳದ ಪದರದಾಗ ಬಣ್ಣ ಮಾಡೂ ಕೋಶ ಇರತಾವ. ಅವು ಮೆಲನಿನ್ ಅನ್ನೂ ಬಣ್ಣ ತಯಾರಿಸಿ ಸುತ್ತಲಿನ ಕೋಶಕ್ಕೆಲ್ಲಾ ಹಂಚತಾವ. ನಮ್ಮನ್ನ ಕಾಯೂ ದೇಹದ ಸೈನ್ಯ ಒಮ್ಮೊಮ್ಮೆ ತಪ್ಪು ತಿಳದು ಆ ಕೋಶಗಳ ಮ್ಯಾಲೇ ಬೀಳತೈತಿ. ಅವು ಹೋದ ಜಾಗ ಬಿಳಿ ಆಗತೈತಿ, ಅಷ್ಟ. ಮುಟ್ಟಿದ್ರ ಅಂಟಂಗಿಲ್ಲ, ಉಂಡ್ರ ಅಂಟಂಗಿಲ್ಲ. ಇದಕ್ಕ ಔಷಧನೂ ಅದಾವ. ಇದು ಯಾರ ಪಾಪನೂ ಅಲ್ಲ."

ಆ ಕೊನೆಯ ಮಾತನ್ನು ಅವಳು ತನಗೇ ಹೇಳಿಕೊಂಡದ್ದು ಇದೇ ಮೊದಲು.

ಶೀತಲ್ ಮುಂದೆ ಬಂದು ಅವಳ ಕೈಯನ್ನು ಎರಡೂ ಕೈಯಿಂದ ಹಿಡಿದಳು. "ಇವತ್ತ ಊರಿಗೆ ಹೋಗತೇನ್ರಿ ಮೇಡಂ. ಆ ತಾಟು ನಾನ ತಗದು ಒಗೀತೇನಿ."

ಅಂದು ಮಾಲಾ ತೋಳನ್ನು ಮತ್ತೆ ಇಳಿಸಲಿಲ್ಲ. ಹಾಗೇ ಸ್ಟಾಫ್ ರೂಮಿಗೆ ಬಂದಾಗ ನಿಜಗುಣಪ್ಪನವರು ಪೇಚಾಡುತ್ತಿದ್ದರು.

"ಏನ್ ಮಾಡೋದವಾ, ಬ್ಯಾರೆ ಪೇಂಟರ್ ಹುಡುಕಬೇಕು. ಭೀಮಶಿ ಬುಧವಾರ ಮುಂಜಾನೆ ತೊರಗಲ್ ಸಾಲಿ ಕೆಲಸಕ್ಕ ಹೋದಾಗ ಏಣಿ ಮ್ಯಾಲಿಂದ ಬಿದ್ದಾನಂತ. ಬಲಗೈ ಮುರದೈತಿ. ಪಾಪ, ಹಿಂದಿನ ರಾತ್ರಿ ನಿದ್ದಿ ಇದ್ದಿಲ್ಲೋ ಏನೋ, ಕಣ್ಣಿಗೆ ಕತ್ತಲಿ ಬಂತು ಅಂದ."

ಬುಧವಾರ... ಓಡಿಹೋಗಿರಲಿಲ್ಲ!

"ಮತ್ತ ಇನ್ನೊಂದು," ಎಂದರು ಅವರು ಕನ್ನಡಕ ಸರಿಪಡಿಸಿಕೊಳ್ಳುತ್ತ. "ಯಾರ ಕಡಿಂದರ ಮುಗಸ್ರಿ, ಆದ್ರ ಚರ್ಮದ ಚಿತ್ರ ಒಂದು ನನಗ ಬಿಡ್ರಿ ಅಂದ. ಯಾಕ ಅಂದ್ರ ಹೇಳಲಿಲ್ಲ."

ಭಾನುವಾರ ಬೆಳಿಗ್ಗೆ ಮಾಲಾ ನಿಜಗುಣಪ್ಪನವರಿಂದ ಭೀಮಶಿಯ ವಿಳಾಸ ಕೇಳಿಕೊಂಡು ಸವದತ್ತಿ ಬಸ್ ಹತ್ತಿದಳು. ಅರ್ಧ ತೋಳಿನ ಹಸಿರು ಕುರ್ತಾ ತೊಟ್ಟಿದ್ದಳು. ಕಿಟಕಿಯಿಂದ ಬರುತ್ತಿದ್ದ ಗಾಳಿ ಮೂರು ವರ್ಷದ ನಂತರ ಅವಳ ತೋಳಿಗೆ ತಾಗಿತು.

ಬಾಗಿಲು ತೆರೆದವಳು ಭೀಮಶಿಯ ತಾಯಿ ಬಾಯವ್ವ. ಒಳಗೆ ಅವನು ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಿದ್ದ. ಅವಳನ್ನು ಕಂಡು ಏಳಹೋಗಿ, ನೋವಿಗೆ ಮತ್ತೆ ಕುಸಿದ.

"ಮೇಡಂ... ನೀವು?"

ಬಾಯವ್ವ ಚಹಾ ತಂದಳು. ಕಪ್ಪು ಚಾಚುವಾಗ ಅವಳ ಕಣ್ಣು ಮಾಲಾಳ ಮಣಿಕಟ್ಟಿನ ಮೇಲೆ ನಿಂತಿತು. ಕೈ ಅರ್ಧಕ್ಕೇ ತಡೆಯಿತು.

ಮತ್ತದೇ ಚಹಾದ ಕಪ್ಪು...

"ಒಂದು ಮಾತು ಕೇಳಲೇನವಾ?" ಎಂದಳು ಬಾಯವ್ವ. "ಅದು... ಅಂಟತೈತೇನು?"

"ಯವ್ವಾ!" ಭೀಮಶಿ ಗದರಿದ.

"ಇರಲಿ ಬಿಡ್ರಿ," ಎಂದಳು ಮಾಲಾ. "ಅಂಟಂಗಿಲ್ರಿ ಅಮ್ಮಾ. ಬಣ್ಣ ಮಾಡೂ ಕೋಶ ಹೋಗ್ಯಾವ, ಅಷ್ಟ."

"ನಾ ಸಾಲಿ ಕಲತಾಕಿ ಅಲ್ಲ. ಕೇಳಿದ್ದಕ್ಕ ಸಿಟ್ಟಾಗಬ್ಯಾಡವಾ."

"ಕೇಳಿದ್ದು ಛಲೋ ಆತ್ರಿ. ಯಾರೂ ಕೇಳಂಗಿಲ್ಲ. ಸುಮ್ಮನ ದೂರ ಸರೀತಾರ."

ಬಾಯವ್ವ ಕಪ್ಪನ್ನು ಅವಳ ಕೈಗಿತ್ತು, ಪಕ್ಕದಲ್ಲೇ ಕೂತಳು. "ಹಂಗಾರ ಇದನ್ನೂ ಹೇಳು. ಇವನ ಕೈ ಮೊದಲಿನಂಗ ಆಗತೈತೇನು? ಇಂವ ಅಂತೂ ಬಾಯಿ ಬಿಡವಲ್ಲ."

"ಎಲುಬಿಗೂ ಜೀವ ಐತ್ರಿ. ಮುರದಲ್ಲೆ ಮೊದಲ ಮೆತ್ತನ್ನ ಗಂಟು ಕಟ್ಟತೈತಿ, ಆಮ್ಯಾಲ ಹೊಸ ಕೋಶ ಬಂದು ಅದನ್ನ ಗಟ್ಟಿ ಎಲುಬು ಮಾಡತಾವ. ಅವಸರ ಮಾಡದ, ಡಾಕ್ಟರ್ ಹೇಳಿದಂಗ ಇದ್ರ ಕೂಡತೈತ್ರಿ."

ಮುದುಕಿಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, "ಮಧ್ಯಾಹ್ನ ಉಂಡ ಹೋಗಬೇಕು. ರೊಟ್ಟಿ ಬಡೀತೇನಿ," ಎನ್ನುತ್ತ ಒಳಗೆ ನಡೆದಳು.

ಈಗ ಇಬ್ಬರೇ.

"ಒಂದು ಫೋನ್ ಮಾಡಬಾರದಿತ್ತೇನ್ರಿ?" ಎಂದಳು ಮಾಲಾ.

"ಮಾತಾಡಬ್ಯಾಡ ಅಂದಿದ್ರಲ್ರಿ."

"ಅಂದ್ರ... ಅಷ್ಟಕ್ಕ?"

"ನೀವು ಹೇಳಿದ್ದೆಲ್ಲಾ ನಾ ನೆನಪ ಇಟ್ಟೇನಿ." ಅವನು ತಲೆ ತಗ್ಗಿಸಿದ. "ಅವತ್ತ ಕೈ ಯಾಕ ಹಿಂದ ತಗೊಂಡೆ ಅಂತ ಹೇಳಲೇನ್ರಿ?"

ಅವಳು ಚಹಾದ ಕಪ್ಪನ್ನು ಕೆಳಗಿಟ್ಟಳು.

"ನಿಮ್ಮ ಚರ್ಮ ಕೆಂಪಾಗಿತ್ತು. ನಾ ತಿಕ್ಕಿದ್ದಕ್ಕ. ಅದು ಪೇಂಟ್ ಅಲ್ಲ, ನೀವ ಅಂತ ತಿಳೀತು ನೋಡ್ರಿ... ನಿಮ್ಮ ಮೈಯನ್ನ ಹೊಲಸು ತಿಕ್ಕಿದಂಗ ತಿಕ್ಕಿದ್ನಲ್ಲ! ನನ್ನ ಕೈ ಮ್ಯಾಲ ನನಗ ಹೇಸಿಗಿ ಬಂತು. ನಿಮ್ಮ ಮ್ಯಾಲ ಅಲ್ರಿ. ದೇವರಾಣೆ ಅಲ್ಲ. ಚರ್ಮದ ಚಿತ್ರ ನನಗ ಬಿಡ್ರಿ ಅಂದದ್ದೂ ಅದಕ್ಕ, ಆ ಬಿಳುಪನ್ನೂ ಚರ್ಮ ಅಂತನ ಬರೀಬೇಕು ಅಂತ."

ಮಾಲಾಳ ಕಣ್ಣಿನಿಂದ ಹನಿಗಳು ತಾವೇ ಇಳಿದವು. ಇಷ್ಟು ದಿನ ನಾನು ಯಾರ ಮೇಲೆ ಸಿಟ್ಟಾಗಿದ್ದೆ? ಇವನ ಮೇಲೋ... ಕಿತ್ತೂರಿನ ಆ ಹೆಂಗಸಿನ ಮೇಲೋ... ನನ್ನ ಮೇಲೆಯೋ?

"ತಪ್ಪು ನಂದ," ಎಂದಳು. "ಕೇಳಲಿಲ್ಲ. ನಾನೂ ಸುಮ್ಮನ ದೂರ ಸರದೆ."

ಭೀಮಶಿ ಎಡಗೈಯನ್ನು ಮೆಲ್ಲಗೆ ಚಾಚಿ, ಅರ್ಧದಲ್ಲೇ ನಿಲ್ಲಿಸಿದ. "ಹಿಡೀಲೇನ್ರಿ?"

ಅವಳೇ ತನ್ನ ಬಲಗೈಯನ್ನು ಅದರ ಮೇಲಿಟ್ಟಳು. ಅವನ ಹೆಬ್ಬೆರಳು ಮಣಿಕಟ್ಟಿನ ಬಿಳುಪಿನ ಮೇಲೆ ಹಗುರಾಗಿ ನಿಂತಿತು. ಅಲ್ಲಿ ಅವಳ ನಾಡಿ ಜೋರಾಗಿ ಬಡಿಯುತ್ತಿತ್ತು. ಅವನಿಗೆ ಗೊತ್ತಾಗಿಯೇ ಆಗಿರುತ್ತದೆ! ನಾಚಿಕೆಯಾದರೂ ಅವಳು ಕೈ ತೆಗೆಯಲಿಲ್ಲ.

"ಒಂದು ಮಾತು ಮೊದಲ ಹೇಳಿಬಿಡತೇನಿ," ಎಂದಳು. "ಇದು ಇಲ್ಲಿಗೆ ನಿಲ್ಲಬಹುದು. ನಿಲ್ಲದನೂ ಇರಬಹುದು. ನಾಳೆ ಮುಖಕ್ಕೂ ಬಂದ್ರ?"

"ಬರಲಿ ಬಿಡ್ರಿ. ದಿನಾ ನೋಡಾಂವಗ ಅದು ಗೊತ್ತಾಗೂದ ಎಲ್ಲಾರಿಗಿಂತ ಕಡಿಗೆ."

ಮಾಲಾ ತಲೆಯೆತ್ತಿದಳು.

"ದಿನಾ?"

ಭೀಮಶಿಯ ಕಿವಿಗಳು ಕೆಂಪಾದವು. ಆದರೂ ಅವನು ಕಣ್ಣು ಕೆಳಗಿಳಿಸಲಿಲ್ಲ.

"ಹೂಂ, ಮಾಲಾ... ದಿನಾ."