ಕಾಲರ್ ಮೈಕಿನ ಢಬಢಬ

ಸೌಂಡಮ್ಮನ ಕಿವಿಯ ವಿಷಯ ನಿಮಗೆ ಗೊತ್ತಿಲ್ಲ. ಮೂರು ಬೀದಿ ಆಚೆ ಇರುವೆಗೆ ನೆಗಡಿಯಾದರೂ ಇಲ್ಲಿಂದಲೇ "ಮಫ್ಲರ್ ಸುತ್ಕೋ" ಅನ್ನುವಂಥ ಕಿವಿ. ಆ ಕಿವಿಗೇ ಈಗ ಬೆಂಕಿ ಬಿದ್ದಿತ್ತು.

ಬೆಂಕಿ ಇಟ್ಟವನು ಡ್ರಮ್ಮರ್. ನಿಜವಾದ ಡ್ರಮ್ಮರ್ ಏನಲ್ಲ. ಊರೂರು ಸುತ್ತುವ ರಾಕ್ ಬ್ಯಾಂಡಿನ ಬಗ್ಗೆ ಅವಳ ಚಿಕ್ಕಪ್ಪ ತೆಗೆಯುತ್ತಿದ್ದ ಸಿನಿಮಾದ ನಟ. ಬ್ಯಾಂಡೂ ಸುಳ್ಳು, ಟೂರೂ ಸುಳ್ಳು, ಸ್ಕ್ರಿಪ್ಟ್ ಅಂತೂ ಇಲ್ಲವೇ ಇಲ್ಲ. ಚಿಕ್ಕಪ್ಪನದು ಒಂದೇ ಕಾನೂನು: ಬಾಯಿಗೆ ಬಂದದ್ದೇ ಡೈಲಾಗು, ಫ್ರೇಮಿಗೆ ಬಂದವರೇ ಪಾತ್ರ.

ಆ ಸಿನಿಮಾಕ್ಕೆ ಸದ್ದು ಹಿಡಿಯುವವಳು ಸೌಂಡಮ್ಮ; ದಿನಾ ಬೆಳಿಗ್ಗೆ ಡ್ರಮ್ಮರನ ಕಾಲರಿಗೆ ಗುಂಡಿಯಷ್ಟು ಮೈಕ್ ಸಿಕ್ಕಿಸುವುದೂ ಅವಳದೇ ಕೆಲಸ.

"ಕೈ ಎಷ್ಟು ತಣ್ಣಗಿದೆಯಲ್ರೀ," ಅನ್ನುತ್ತಿದ್ದ ಅವನು, ಚಾವಣಿ ನೋಡುತ್ತ.

"ಕುತ್ತಿಗೆ ಹಿಸುಕೋಕೆ ಬೆಚ್ಚಗಿರ್ಬೇಕಾ? ಅಲ್ಲಾಡ್ಬೇಡಿ."

ಅವನ ಕಿವಿತುದಿ ಸಿಗ್ನಲ್ ದೀಪಕ್ಕಿಂತ ಕೆಂಪಾಗುತ್ತಿತ್ತು. ಇಡೀ ಯೂನಿಟ್ ನೋಡಿತ್ತು, ಅವಳೊಬ್ಬಳನ್ನು ಬಿಟ್ಟು.

ಇವತ್ತು ಮೇಕಪ್ ರೂಮಿನ ಸೀನು. ಬ್ಯಾಂಡಿನ ಹಾಡುಗಾರ್ತಿಯಾದ ನಟಿ ಸೋಫಾದಲ್ಲಿ ಡ್ರಮ್ಮರನ ಹೆಗಲಿಗೆ ತಲೆ ಇಟ್ಟಳು. ಉದ್ದ ಕೋಲಿನ ಮೈಕ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಸೌಂಡಮ್ಮನ ಹೆಡ್‌ಫೋನಿನಲ್ಲಿ, ಅವನ ಕಾಲರ್ ಮೈಕಿನಿಂದ, ಢಬ್, ಢಬ್, ಢಬ್. ಡ್ರಮ್ಸ್ ಮೇಲೆ ಒಂದು ದಿನವೂ ತಾಳ ಹಿಡಿಯದವನು ಎದೆಯೊಳಗೆ ಸ್ಟೇಡಿಯಂ ಶೋ ಕೊಡುತ್ತಿದ್ದ! ಯಾರಿಗಾಗಿ? ಇನ್ಯಾರು, ಆ ಹೆಗಲ ಮೇಲಿನ ತಲೆಗಾಗಿ!

"ಕಟ್! ಸೌಂಡ್ ಓಕೆನಾ ಮಗಳೇ?"

"ಇಲ್ಲ ಚಿಕ್ಕಪ್ಪ. ವಿಮಾನ."

ಇನ್ನೊಂದು ಟೇಕ್.

"ಈಗ?"

"ಹಲ್ಲಿ."

"ಹಲ್ಲೀನಾ?"

"ಲೊಚಗುಟ್ತಲ್ಲ, ಕೇಳಿಸ್ಲಿಲ್ವಾ?"

"ಅಕ್ಕಾ," ಹಾಡುಗಾರ್ತಿ ಕಣ್ಣು ಕಿರಿದು ಮಾಡಿದಳು, "ಆ ಹಲ್ಲಿಗೆ ನನ್ನ ಮೇಲೇನಾದ್ರೂ ಸಿಟ್ಟಾ?"

ಮುಂದಿನ ಟೇಕಿನಲ್ಲಿ ಹಾಡುಗಾರ್ತಿ ಬೇಕಂತಲೇ ಜೇನು ಸುರಿದಳು. "ಟೂರ್ ಮುಗಿದ್ಮೇಲೆ ನನ್ನ ಜೊತೇನೇ ಬಂದ್ಬಿಡೋ."

ಢಬಢಬ ಜೋರಾಯಿತು. ಸೌಂಡಮ್ಮ ಕೋಲು ಬಿಸಾಕಿ ನುಗ್ಗಿದಳು.

"ಬರ್ತಾನೆ, ಕರ್ಕೊಂಡು ಹೋಗು! ಅವನೆದೆ ಹೊಡ್ಕೊಳ್ಳೋದನ್ನ ಕೇಳಿ ಕೇಳಿ ನನ್ನ ಕಿವಿ ತೂತು ಬಿತ್ತು!"

ಹೇಳಿದ ಮೇಲೆ ಹೊಳೆಯಿತು: ತಾನು ನಿಂತದ್ದು ಫ್ರೇಮಿನ ನಟ್ಟನಡುವೆ. ಚಿಕ್ಕಪ್ಪ ಕಟ್ ಅನ್ನಲಿಲ್ಲ. ನಡೀಲಿ ಎಂದು ಹೆಬ್ಬೆರಳೆತ್ತಿದರು.

ಡ್ರಮ್ಮರ್ ಅವಳತ್ತ ಮುಖ ತಿರುಗಿಸಿದ. "ನೀವು ನಮ್ಮ ಬ್ಯಾಂಡಿನ ಸೌಂಡ್ ಎಂಜಿನಿಯರ್ ಅಲ್ವಾ? ಹೆಡ್‌ಫೋನ್ ತೆಗೀಬೇಡಿ. ಹಾಗೇ ಬಾಗಿಲ ತನಕ ಹಿಂದೆ ಹೋಗಿ."

ಹೋದಳು, ದುರುಗುಟ್ಟಿಕೊಂಡೇ. ಹಾಡುಗಾರ್ತಿಯ ತಲೆ ಹೆಗಲ ಮೇಲೇ ಇತ್ತು. ಆದರೆ ಒಳಗಿನ ಡ್ರಮ್ಸ್ ನಿಧಾನವಾಯಿತು; ಊಟ ಮಾಡಿ ಮಲಗಿದವನ ಎದೆಯಂತೆ ತಣ್ಣಗಾಯಿತು.

"ಈಗ ಬನ್ನಿ."

ಒಂದು ಹೆಜ್ಜೆ. ಢಬ್. ಇನ್ನೊಂದು. ಢಬ್ ಢಬ್. ಸೋಫಾ ಮುಟ್ಟುವಷ್ಟರಲ್ಲಿ ಪಕ್ಕದ ಬೀದಿಯ ಕಿಟಕಿ ಗಾಜೆಲ್ಲ ಪುಡಿಪುಡಿ. ಬೇಕಾದರೆ ಹೋಗಿ ನೋಡಿ.

"ಮೈಕ್ ಸಿಕ್ಕಿಸುವಾಗ ನೀವು ಹೆಡ್‌ಫೋನ್ ಹಾಕಿರಲ್ಲ, ಆಗಿನ ಢಬಢಬ ಕೇಳಿಸಲ್ಲ," ಅವನ ದನಿ ಇಳಿಯಿತು. "ಹಾಕ್ಕೊಂಡ್ರೆ, ಕೋಲು ಹಿಡಿದು ಪಕ್ಕದಲ್ಲೇ ನಿಂತಿರ್ತೀರಿ. ನನ್ನೆದೆ ಪಾಪ ಏನ್ಮಾಡುತ್ತೆ?"

"ಅಬ್ಬ, ಅಂತೂ ಬಾಯ್ಬಿಟ್ಟ!" ಹಾಡುಗಾರ್ತಿ ಎದ್ದು ಕುತ್ತಿಗೆ ನೀವಿಕೊಂಡಳು.

ಮೈಕ್ ಸರಿಮಾಡುವ ನೆಪದಲ್ಲಿ ಸೌಂಡಮ್ಮ ಬಗ್ಗಿದಳು. "ಇದು ಪಾತ್ರದ ಡೈಲಾಗಾ?"

"ಕಟ್ ಆದ್ಮೇಲೂ ಇದೇ."

"ಕಟ್!" ಚಿಕ್ಕಪ್ಪ ಕಣ್ಣೊರೆಸಿಕೊಂಡರು. "ಸೌಂಡ್ ಓಕೆನಾ ಮಗಳೇ?"

ಅವಳ ಕೈ ಇನ್ನೂ ಕಾಲರಿನ ಮೇಲೇ ಇತ್ತು.

"ಇಲ್ಲ ಚಿಕ್ಕಪ್ಪ. ಮತ್ತೆ ಹಲ್ಲಿ. ಇನ್ನೊಂದು ಟೇಕ್."